ಕಡಲ ಮಕ್ಕಳಿಗೆ ಗುಡ್ಡದ ಮಕ್ಕಳ ಕಾಗದ

ಮಕ್ಕಳ ಪತ್ರಮೈತ್ರಿ ಮೂರನೇ ಕಾಗದಕ್ಕೆ ಯಾಕೆ ಸೊರಗುತ್ತದೆ? ನನಗಂತೂ ಅನುಮಾನವಿಲ್ಲ, ಮೊದಲ ಕಾಗದವನ್ನು ಓದಿದರೆ ಸಾಕು. 'ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ' ಎಂದು ಶುರು. ಆಮೇಲೆ ಹೆಸರು, ತರಗತಿ, ಹವ್ಯಾಸ, ನಮ್ಮ ಹಬ್ಬಗಳು. ಬೋರ್ಡಿನ ಮೇಲಿದ್ದ ಒಕ್ಕಣೆಯನ್ನು ಇಡೀ ತರಗತಿ ನಕಲು ಮಾಡಿದೆ. ಇದಕ್ಕೆ ಆ ಕಡೆಯ ಮಗು ಏನೆಂದು ಉತ್ತರ ಬರೆಯಬೇಕು?

ಮಕ್ಕಳಿಂದ ಕಾಗದ ಬರೆಸುವ ಕಲೆಯಲ್ಲಿ ನಾನು ಗುರುವೆಂದು ಒಪ್ಪುವುದು ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ ಅವರನ್ನು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಗಂಟೆಗಟ್ಟಲೆ ಪಾಠ ಹೇಳುವ ತ್ರಾಣ ಅವರಲ್ಲಿರಲಿಲ್ಲ. 1920ರಲ್ಲಿ ದಕ್ಷಿಣದ ಗುಡ್ಡಗಾಡಿನ ಬಾರ್-ಸುರ್-ಲೂ ಶಾಲೆಗೆ ಬಂದವರು, ತಾವು ಮಾತಾಡುವುದು ಬಿಟ್ಟು ಮಕ್ಕಳಿಂದ ಮಾತಾಡಿಸಿದರು. ಹುಡುಗರು ಬಸವನಹುಳುಗಳ ಪಂದ್ಯ ಕಟ್ಟಿದರೆ ಅದೇ ಅಂದಿನ ಪಾಠ. 1924ರಲ್ಲಿ ಒಂದು ಪುಟ್ಟ ಅಚ್ಚಿನ ಯಂತ್ರ ತರಿಸಿದರು. ಮಕ್ಕಳು ತಾವಾಡಿದ್ದನ್ನೇ ಒಂದೊಂದೇ ಸೀಸದ ಮೊಳೆ ಹೆಕ್ಕಿ, ಕನ್ನಡಿಯಲ್ಲಿನಂತೆ ತಿರುಗಿ ಕಾಣುವ ಅಕ್ಷರವನ್ನು ಬೆರಳಲ್ಲಿ ಸರಿಪಡಿಸುತ್ತ ಸಾಲು ಜೋಡಿಸಬೇಕು, ಮಸಿ ಉರುಳಿಸಬೇಕು, ಹಾಳೆ ಒತ್ತಬೇಕು. ಇಷ್ಟು ಮೈಮುರಿದು ಯಾರೂ 'ಕ್ಷೇಮ' ಎಂದು ಅಚ್ಚು ಹಾಕುವುದಿಲ್ಲ. ಹೇಳಲೇಬೇಕಾದ್ದು ಮಾತ್ರ ಉಳಿಯುತ್ತದೆ.

1926ರಲ್ಲಿ ಬ್ರಿಟನಿ ಕರಾವಳಿಯ ಟ್ರೆಗಂಕ್‌ನ ಮೇಷ್ಟ್ರು ರೆನೆ ದನಿಯೆಲ್ ಜೊತೆಯಾದರು. ಅಲ್ಲೂ ಒಂದು ಅಚ್ಚಿನ ಯಂತ್ರ. ಎರಡು ಶಾಲೆಗಳ ಹಾಳೆಗಳು ಅಂಚೆಯಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದವು. ಒಂದೇ ದೇಶವಲ್ಲವೇ ಎನ್ನಬೇಡಿ. ಒಂದು ಕಡೆ ಆಲಿವ್ ಮರ, ಕಹಿ ಕಿತ್ತಳೆ, ಗ್ರಾಸ್ ಪಟ್ಟಣದ ಸುಗಂಧಕ್ಕೆ ಹೋಗುವ ಮಲ್ಲಿಗೆ. ಇನ್ನೊಂದು ಕಡೆ ಮೀನು ದೋಣಿ, ಅಟ್ಲಾಂಟಿಕ್ ಗಾಳಿ. ಮನೆಯಲ್ಲಿ ಗುಡ್ಡದವರದು ಪ್ರೊವೆನ್ಸಾಲ್, ಕಡಲಿನವರದು ಬ್ರೆಟನ್. ಫ್ರೆಂಚ್ ಇಬ್ಬರಿಗೂ ಶಾಲೆಯ ಭಾಷೆ.

ಇಂಥ ಜೋಡಿಯ ರುಚಿ ಇರುವುದು ಉಬ್ಬರವಿಳಿತದಂಥ ಸಂಗತಿಗಳಲ್ಲಿ. ದಿನಕ್ಕೆರಡು ಸಲ ನೀರು ಹಿಂದೆ ಸರಿದು ದೋಣಿಗಳು ಕೆಸರಲ್ಲಿ ವಾಲಿ ಕೂರುವುದು ಬ್ರಿಟನಿಯ ಮಗುವಿಗೆ ಹೇಳುವಂಥ ವಿಷಯವೇ ಅಲ್ಲ. ಗುಡ್ಡದ ಮಕ್ಕಳಿಗೆ ಹತ್ತಿರದ ಮೆಡಿಟರೇನಿಯನ್‌ನಲ್ಲಾದರೋ ಉಬ್ಬರ ಕಣ್ಣಿಗೆ ಬೀಳುವುದೇ ಕಡಿಮೆ. 'ನೀರೆಲ್ಲಿ ಹೋಯಿತು?' ಎಂದು ಗುಡ್ಡದ ಮಗು ಕೇಳಿದ ಮೇಲೆಯೇ ಬ್ರಿಟನಿಯ ಮಗು ತನ್ನೂರ ಕಡಲನ್ನು ನೆಟ್ಟಗೆ ನೋಡುವುದು. ಹಬ್ಬಗಳ ಪಟ್ಟಿಯಿಂದ ಇಂಥ ಪ್ರಶ್ನೆ ಹುಟ್ಟುವುದಿಲ್ಲ.

ಇನ್ನೊಂದು ಜಾಣತನವೂ ಅಲ್ಲಿತ್ತು. ಅಚ್ಚಾದ ಹಾಳೆಗಳು ಹೋಗುತ್ತಿದ್ದುದು ತರಗತಿಯಿಂದ ತರಗತಿಗೆ. ಒಬ್ಬ ಸೋಮಾರಿಯಾದ ಮಾತ್ರಕ್ಕೆ ಇನ್ನೊಂದೂರಿನ ಮಗು ದಿನವೂ ಪೋಸ್ಟ್‌ಮ್ಯಾನ್ ದಾರಿ ಕಾಯುವ ಶಿಕ್ಷೆ ಇರಲಿಲ್ಲ. ಒಂದು ಮಗುವಿಗೆ ಒಂದು ಮಗುವೆಂದು ಜೋಡಿ ಕಟ್ಟುವ ಮೇಷ್ಟ್ರಿಗೆ ಇದು ಹೊಳೆಯುವುದೇ ಇಲ್ಲ.

ನಮ್ಮಲ್ಲಿ ಮಾಡುವವರಿದ್ದರೆ ವಿದೇಶವೇ ಆಗಬೇಕೆಂಬ ಹಟ ಬೇಡ. ಕುಂದಾಪುರದ ಮೂರನೇ ತರಗತಿಗೆ ಕೊಪ್ಪಳದ ಮೂರನೇ ತರಗತಿ ಸಾಕಷ್ಟು ದೂರವೇ. ಮೊದಲ ಕಾಗದದಲ್ಲಿ ಶಾಲೆಯ ಕಿಟಕಿಯಾಚೆ ಏನು ಕಾಣುತ್ತದೆ ಎಂಬುದನ್ನಷ್ಟೇ ಬರೆಸಿ. ಕೆಂಪು ಶಾಯಿ ಮುಟ್ಟಬೇಡಿ. ಅರ್ಥವಾಗದಿದ್ದರೆ ಆ ಕಡೆಯವರು ಕೇಳಿ ಬರೆಯುತ್ತಾರೆ, ನಿಮಗೆ ಎರಡನೇ ಕಾಗದ ಸಿಕ್ಕಿತು.