ದೂರ ಅಳೆಯುವ ಬೆಳಕು

ಭೀಮಾ ದಂಡೆಯ ದೇವಣಗಾಂವದಂಥ ಎರೆಬಯಲಿನಲ್ಲಿ ಕಣ್ಣಂದಾಜು ಬೇಗ ಸೋಲುತ್ತದೆ. ಏರುತಗ್ಗಿಲ್ಲದ ಕಡೆ 600 ಮೀಟರೂ 800 ಮೀಟರೂ ಒಂದೇ ಥರ ಕಾಣುತ್ತವೆ. ವಿಜಯಪುರದಲ್ಲಿ 1584ರಲ್ಲಿ ಹೈದರ್ ಖಾನ್ ಸುಮಾರು 80 ಅಡಿ ಎತ್ತರದ ಉಪ್ಪಲಿ ಬುರುಜು ಕಟ್ಟಿಸಿದ. ಅದರ ಮೇಲಿನ ಉದ್ದನೆಯ ತೋಪುಗಳ ಗೋಲಂದಾಜರಿಗೆ ದೂರ ತಿಳಿಯಲು ಪಳಗಿದ ಕಣ್ಣೇ ಆಧಾರ.

ಬ್ಯಾಲಿಸ್ಟಿಕ್ ಲೇಸರ್ ರೇಂಜ್‌ಫೈಂಡರ್ ಆ ಕೆಲಸವನ್ನು ಬೆಳಕಿಗೆ ಒಪ್ಪಿಸಿದೆ. 1,000 ಮೀಟರ್ ದೂರ ಹೋಗಿ ಮರಳಲು ಬೆಳಕಿಗೆ ಸುಮಾರು 6.7 ಮೈಕ್ರೊಸೆಕೆಂಡ್ ಸಾಕು. ಅಷ್ಟು ಹೊತ್ತನ್ನು ಅಳೆದು, ಕೋನ, ತಾಪಮಾನ, ವಾಯುಭಾರವನ್ನೂ ಲೆಕ್ಕಕ್ಕೆ ಹಿಡಿದು, ಗುಂಡು ಎಷ್ಟು ಕೆಳಗಿಳಿಯುತ್ತದೆಂದು ಅಂಗೈಯಗಲದ ಯಂತ್ರ ಹೇಳುವುದು ನನಗೆ ಇವತ್ತಿಗೂ ಬೆರಗು.

ಆದರೆ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬಾರದು. ಆ ದೂರ ಸಾಮಾನ್ಯವಾಗಿ ಹೊಳೆಯುವ ಫಲಕದ್ದು. ನಾನು ಮೊದಲು ನೋಡುವುದು ಕಿರಣದ ಹರವು. ಒಂದು ಮಿಲಿರೇಡಿಯನ್ ಹರಡುವ ಕಿರಣ 1,000 ಮೀಟರಿಗೆ ಒಂದು ಮೀಟರ್ ಅಗಲವಾಗುತ್ತದೆ. ಸಣ್ಣ ಗುರಿಯ ಬದಲು ಹಿಂದಿನ ಮಣ್ಣುದಿಬ್ಬದ ದೂರ ಹೇಳಿಬಿಡಬಹುದು. ಸಪಾಟು ನೆಲದಲ್ಲಂತೂ ಕಿರಣ ನೆಲ ಸವರುತ್ತ ಹೋಗಿ ನಡುವಿನ ಜೋಳದ ದಂಟಿಗೇ ತಾಗಿ ಮರಳುತ್ತದೆ. ಹತ್ತಿರದ ಪ್ರತಿಫಲನ ಬಿಟ್ಟು ದೂರದ್ದನ್ನು ಆರಿಸುವ ಸೌಲಭ್ಯ ಇರಲೇಬೇಕು. ಕೈನಡುಕ ತಪ್ಪಿಸಲು ಟ್ರೈಪಾಡಿಗೆ ಕೂಡಿಸುವ ವ್ಯವಸ್ಥೆಯೂ ಬೇಕು.

ಗುರಿಯ ತನಕ ದಾರಿಯುದ್ದಕ್ಕೂ ಬೀಸುವ ಗಾಳಿಯನ್ನು ಮಾತ್ರ ಇಂಥ ಯಂತ್ರಗಳು ಅಳೆಯುವುದಿಲ್ಲ. ಶೂಟಿಂಗ್ ರೇಂಜಿನ ಬಾವುಟ, ಹುಲ್ಲಿನ ಬಾಗು ನೋಡಿ ಅದನ್ನು ಗುರಿಕಾರರೇ ಅಂದಾಜಿಸಿ ಯಂತ್ರಕ್ಕೆ ತಿಳಿಸಬೇಕು.