ರಷ್ಯದ ರಾಜಪ್ರಭುತ್ವದ ಪತನ: ಪೇರ್ಸ್ ಅವರ ವಾದದ ವಿಮರ್ಶೆ

ರಷ್ಯದಲ್ಲಿ ರಾಜಪ್ರಭುತ್ವ ಅಳಿದುದಕ್ಕೆ ಕಾರಣಗಳಾವುವು ಎಂಬ ಪ್ರಶ್ನೆ ನಮ್ಮ ಪದವಿ ತರಗತಿಗಳ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದಕ್ಕೆ ಅಧ್ಯಾಪಕರಾದ ನಾವು ಬರೆಯಿಸುವ ಉತ್ತರವೂ ಬಹುಮಟ್ಟಿಗೆ ಗೊತ್ತಾದುದೇ. ಎರಡನೆಯ ನಿಕೊಲಾಸನ ಚಂಚಲ ಸ್ವಭಾವ, ಸಾಮ್ರಾಜ್ಞಿ ಅಲೆಕ್ಸಾಂಡ್ರಾಳ ಹಟ, ರಾಸ್ಪುಟಿನನ ಪ್ರಭಾವ, ಇವು ಮೊದಲಿಗೆ. ಯುದ್ಧದ ಸೋಲು ಅನಂತರ. ಜನರ ಹಸಿವು ಎಲ್ಲಕ್ಕೂ ಕೊನೆಗೆ, ಅದೂ ಒಂದೇ ವಾಕ್ಯದಲ್ಲಿ. ಈ ಕ್ರಮ ಎಲ್ಲಿಂದ ಬಂದಿತು? ರಷ್ಯದ ಇತಿಹಾಸವನ್ನು ಇಂಗ್ಲಿಷಿನ ಮೂಲಕ ಓದಿದವರ ಮೇಲೆ ಸರ್ ಬರ್ನಾರ್ಡ್ ಪೇರ್ಸ್ ಅವರು ೧೯೩೯ರಲ್ಲಿ ಪ್ರಕಟಿಸಿದ ‘ರಷ್ಯದ ರಾಜಪ್ರಭುತ್ವದ ಪತನ’ ಎಂಬ ಗ್ರಂಥದ ಪ್ರಭಾವ ಅಲ್ಪವಾದುದಲ್ಲ. ಆ ಗ್ರಂಥದ ಮುಖ್ಯ ವಾದವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಪೇರ್ಸ್ ಅವರ ಯೋಗ್ಯತೆಯ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ೧೮೯೮ರಿಂದ ಮೊದಲುಗೊಂಡು ಅವರು ಅನೇಕ ಸಲ ರಷ್ಯಕ್ಕೆ ಹೋಗಿ ಬಂದವರು; ಮೊದಲನೆಯ ಮಹಾಯುದ್ಧದಲ್ಲಿ ಆ ದೇಶದ ಸೈನ್ಯದೊಡನೆ ಇದ್ದವರು; ಡ್ಯೂಮಾ ಸಭೆಯ ಹಲವು ಮುಖಂಡರನ್ನು ಮುಖತಃ ಬಲ್ಲವರು. ಇಷ್ಟು ಹತ್ತಿರದಿಂದ ಕಂಡವರು ಬರೆದ ಪುಸ್ತಕಕ್ಕೆ ಸಹಜವಾಗಿಯೇ ಒಂದು ತೂಕವುಂಟು. ಅವರ ವಾದವನ್ನು ಸಂಗ್ರಹಿಸಿ ಹೇಳುವುದಾದರೆ, ಕೇಡು ಹುಟ್ಟಿದುದು ಕೆಳಗಿನಿಂದಲ್ಲ, ಮೇಲಿನಿಂದ. ಅರಮನೆಯು ತನ್ನ ಕೈಯಿಂದಲೇ ತನ್ನ ಆಧಾರಗಳನ್ನು ಒಂದೊಂದಾಗಿ ಕಿತ್ತುಹಾಕಿತು. ಜನರು ಬಂದು ತಳ್ಳುವ ವೇಳೆಗೆ ಅಲ್ಲಿ ಕಟ್ಟಡವೇ ಉಳಿದಿರಲಿಲ್ಲ.

ಈ ವಾದಕ್ಕೆ ಅವರು ಒದಗಿಸುವ ಸಾಕ್ಷ್ಯವಾದರೂ ಯಾವುದು? ಅದರಲ್ಲಿ ಪ್ರಧಾನವಾದುದು ಸಾಮ್ರಾಜ್ಞಿಯು ಪತಿಗೆ ಬರೆದ ಪತ್ರಗಳು. ೧೯೧೮ರ ಜುಲೈ ತಿಂಗಳಲ್ಲಿ ರಾಜಕುಟುಂಬದ ಹತ್ಯೆಯಾದ ಮೇಲೆ ಯೆಕಟೆರಿನ್‌ಬರ್ಗಿನಲ್ಲಿ ದೊರೆತ ಈ ಪತ್ರಗಳು ೧೯೨೩ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಮುನ್ನುಡಿ ಬರೆದವರೂ ಪೇರ್ಸ್ ಅವರೇ. ದಂಪತಿಗಳು ಪರಸ್ಪರ ಬರೆದುಕೊಳ್ಳುತ್ತಿದ್ದುದು ಇಂಗ್ಲಿಷಿನಲ್ಲಿ ಎಂಬುದನ್ನು ಗಮನಿಸಬೇಕು; ಅನುವಾದದ ಅಡ್ಡಿಯಿಲ್ಲದೆ ಆಂಗ್ಲ ವಿದ್ವಾಂಸರ ಕೈಗೆ ಇವು ನೇರವಾಗಿ ಬಂದುವು. ಎರಡನೆಯ ಆಧಾರವೆಂದರೆ ತಾತ್ಕಾಲಿಕ ಸರ್ಕಾರವು ನೇಮಿಸಿದ ವಿಚಾರಣಾ ಆಯೋಗದ ಮುಂದೆ ಹಳೆಯ ಮಂತ್ರಿಗಳೂ ಅಧಿಕಾರಿಗಳೂ ಕೊಟ್ಟ ಹೇಳಿಕೆಗಳು. (ಈ ಆಯೋಗದ ವರದಿಗಳನ್ನು ತಿದ್ದಿ ಸಿದ್ಧಪಡಿಸಲು ನೇಮಕಗೊಂಡವರಲ್ಲಿ ಕವಿ ಅಲೆಕ್ಸಾಂಡರ್ ಬ್ಲಾಕ್ ಒಬ್ಬನೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದೀತು.) ೧೯೨೪ರಿಂದ ೧೯೨೭ರವರೆಗೆ ಇವು ಏಳು ಸಂಪುಟಗಳಲ್ಲಿ ಹೊರಬಂದುವು.

ಎರಡು ಆಧಾರಗಳೂ ಮೇಲಿನವರವು. ಹೀಗಿರುವಾಗ ಕೇಡು ಮೇಲಿನಿಂದ ಬಂದಿತೆಂಬ ನಿರ್ಣಯವು ಸಾಕ್ಷ್ಯದಿಂದ ಹೊರಟುದೋ ಅಥವಾ ಸಾಕ್ಷ್ಯವು ಸಿಕ್ಕಿದ ಸ್ಥಳದಿಂದ ಹೊರಟುದೋ ಎಂದು ಕೇಳದೆ ವಿಧಿಯಿಲ್ಲ. ೧೯೧೫ರ ಆಗಸ್ಟಿನಲ್ಲಿ ಚಕ್ರವರ್ತಿಯು ಸೇನೆಯ ಆಧಿಪತ್ಯವನ್ನು ತಾನೇ ವಹಿಸಿಕೊಂಡು ಮೊಗಿಲೆವಿನ ಪ್ರಧಾನ ಶಿಬಿರಕ್ಕೆ ಹೋದನು. ದಂಪತಿಗಳು ಅಗಲಿದುದರಿಂದಲೇ ಆ ಕಾಲದ ಪತ್ರಗಳು ಅಷ್ಟು ಹೇರಳವಾದುವು. ರೊಟ್ಟಿಯಂಗಡಿಯ ಮುಂದೆ ಹಿಮದಲ್ಲಿ ನಿಂತಿದ್ದ ಹೆಂಗಸರು ಯಾರಿಗೂ ಪತ್ರ ಬರೆಯಲಿಲ್ಲ. ಆದರೆ ಅವರ ಸುದ್ದಿಯೇ ಉಳಿಯಲಿಲ್ಲವೆನ್ನುವಂತಿಲ್ಲ. ೧೯೧೬ರ ಶರತ್ಕಾಲದಿಂದ ಮುಂದಕ್ಕೆ ಗುಪ್ತ ಪೋಲೀಸರು ಸರ್ಕಾರಕ್ಕೆ ಕಳುಹಿಸಿದ ವರದಿಗಳಲ್ಲಿ, ಸಾಲಿನಲ್ಲಿ ನಿಂತು ಬಳಲಿದ ತಾಯಂದಿರ ಸಿಟ್ಟನ್ನು ಕುರಿತು ಎಚ್ಚರಿಕೆಯಿದೆ. ಪೇರ್ಸ್ ಅವರ ಗ್ರಂಥದಲ್ಲಿ ಪತ್ರಗಳಿಗೆ ದೊರೆತ ಸ್ಥಾನ ಈ ಬಗೆಯ ಬರಹಕ್ಕೆ ದೊರೆತಿಲ್ಲ.

ಆದರೂ ಅವರ ವಾದ ಯಾವುದನ್ನು ಚೆನ್ನಾಗಿ ವಿವರಿಸುತ್ತದೆಯೋ ಅದನ್ನು ಒಪ್ಪಿಕೊಳ್ಳುವುದು ನ್ಯಾಯ. ರಷ್ಯದ ಹಳೆಯ ಪಂಚಾಂಗದಂತೆ ಎಣಿಸಿದರೆ ೧೯೧೬ನೆಯ ಇಸವಿಯೊಂದರಲ್ಲಿಯೇ ಗೊರೆಮಿಕಿನ್, ಸ್ಟ್ಯೂರ್ಮರ್, ಟ್ರೆಪೋವ್, ಗೊಲಿತ್ಸಿನ್ ಎಂಬ ನಾಲ್ವರು ಪ್ರಧಾನ ಮಂತ್ರಿಯ ಪೀಠದಲ್ಲಿ ಕುಳಿತರು. ಸಮರ್ಥನಾದ ಯುದ್ಧಮಂತ್ರಿ ಪೊಲಿವಾನೋವನನ್ನು ತೆಗೆದುಹಾಕಬೇಕೆಂದು ಸಾಮ್ರಾಜ್ಞಿ ಪತ್ರಗಳಲ್ಲಿ ಒತ್ತಾಯಪಡಿಸಿದಳು. ೧೯೧೬ರ ಮಾರ್ಚಿಯಲ್ಲಿ ಅವನು ಹೋದನು. ಡ್ಯೂಮಾದ ಮಿತವಾದಿ ಪಕ್ಷಗಳು ೧೯೧೫ರಲ್ಲಿ ಒಂದುಗೂಡಿ, ಜನರ ವಿಶ್ವಾಸಕ್ಕೆ ಪಾತ್ರವಾದ ಮಂತ್ರಿಮಂಡಲವನ್ನು ಬೇಡಿದಾಗ ದೊರೆತ ಉತ್ತರ ಸಭೆಯ ಮುಂದೂಡಿಕೆ. ಇವನ್ನೆಲ್ಲ ಪೇರ್ಸ್ ಅವರಿಗಿಂತ ಮನಮುಟ್ಟುವಂತೆ ಬರೆದವರು ವಿರಳ. ಆಪತ್ತಿನ ದಿನದಲ್ಲಿ ಸಿಂಹಾಸನದ ಪಕ್ಕದಲ್ಲಿ ಏಕೆ ಯಾರೂ ನಿಲ್ಲಲಿಲ್ಲವೆಂಬುದಕ್ಕೆ ಇಲ್ಲಿ ಉತ್ತರವಿದೆ.

ಆದರೆ ಆಪತ್ತು ಆ ದಿನವೇ ಏಕೆ ಬಂದಿತು, ಹೇಗೆ ಬಂದಿತು ಎಂಬುದಕ್ಕೆ ಉತ್ತರವಿಲ್ಲ. ರಾಸ್ಪುಟಿನನು ೧೯೧೬ರ ಡಿಸೆಂಬರ್ ೧೭ರ ಬೆಳಗಾಗುವುದರೊಳಗೆ ಕೊಲೆಯಾಗಿದ್ದನು. ರಾಜವಂಶದವರೇ ಆ ಕೊಲೆಯಲ್ಲಿ ಭಾಗಿಗಳು. ಅವನೇ ಮೂಲ ಕಾರಣವಾಗಿದ್ದ ಪಕ್ಷದಲ್ಲಿ ಅವನ ಮರಣದಿಂದ ಸ್ವಲ್ಪವಾದರೂ ಸುಧಾರಣೆ ಕಾಣಬೇಕಾಗಿತ್ತು. ಕಂಡುದಾದರೂ ಏನು? ಹನ್ನೊಂದು ವಾರಗಳೊಳಗಾಗಿ ೩೦೪ ವರ್ಷಗಳ ರೊಮನೋವ್ ವಂಶದ ಆಳ್ವಿಕೆ ಮುಗಿಯಿತು.

ಫೆಬ್ರುವರಿ ೨೩ರಂದು, ಎಂದರೆ ನಮ್ಮ ಪಂಚಾಂಗದ ಮಾರ್ಚಿ ೮ರಂದು, ಪೆಟ್ರೋಗ್ರಾಡಿನ ವೈಬೋರ್ಗ್ ಭಾಗದ ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. ಅಂದು ಮಹಿಳಾ ದಿನ. ಮುಷ್ಕರ ಹೂಡಿರೆಂದು ಯಾವ ಪಕ್ಷವೂ ಅವರಿಗೆ ಹೇಳಿರಲಿಲ್ಲ. ಆ ಭಾಗದ ಬೋಲ್ಷೆವಿಕ್ ಕಾರ್ಯಕರ್ತರು ಬೇಡವೆಂದೇ ಹೇಳಿದ್ದರು. ಹಿಂದಿನ ದಿನ ಪುಟಿಲೋವ್ ಕಾರ್ಖಾನೆಯ ಬಾಗಿಲು ಮುಚ್ಚಿತ್ತು. ರೊಟ್ಟಿಯ ಪಡಿತರ ಬರುವುದೆಂಬ ವದಂತಿ ಊರೆಲ್ಲ ಹರಡಿತ್ತು. ಎರಡು ದಿನಗಳಲ್ಲಿ ಮುಷ್ಕರ ಹೂಡಿದವರ ಸಂಖ್ಯೆ ಎರಡು ಲಕ್ಷವನ್ನು ಮೀರಿತು. ೨೫ರ ರಾತ್ರಿ ಚಕ್ರವರ್ತಿಯು ಮೊಗಿಲೆವಿನಿಂದ ಸೇನಾಪತಿ ಖಬಾಲೋವನಿಗೆ ತಂತಿ ಕಳುಹಿಸಿ, ಗಲಭೆಗಳು ನಾಳೆಯೇ ನಿಲ್ಲಬೇಕೆಂದು ಆಜ್ಞಾಪಿಸಿದನು. ೨೬ರಂದು ಗುಂಡು ಹಾರಿತು. ಹಾರಿಸಿದವರಲ್ಲಿ ವೊಲಿನ್‌ಸ್ಕಿ ದಳದ ತರಬೇತಿ ತುಕಡಿಯವರೂ ಇದ್ದರು. ಮರುದಿನ ಬೆಳಿಗ್ಗೆ ಅದೇ ತುಕಡಿ ತಿರುಗಿಬಿದ್ದು ತನ್ನ ನಾಯಕನನ್ನು ಕೊಂದಿತು. ಸಂಜೆಯ ವೇಳೆಗೆ ರಾಜಧಾನಿಯ ಪಾಳೆಯವೇ ಚಕ್ರವರ್ತಿಯ ಕೈಬಿಟ್ಟುಹೋಗಿತ್ತು.

ನಮ್ಮ ಅಭಿಪ್ರಾಯದಲ್ಲಿ ವಿಷಯದ ತಿರುಳಿರುವುದು ಇಲ್ಲಿಯೇ. ೧೯೦೫ರಲ್ಲಿಯೂ ಚಕ್ರವರ್ತಿ ಇದೇ ನಿಕೊಲಾಸನು, ಸ್ವಭಾವ ಇದೇ ಸ್ವಭಾವ. ಯುದ್ಧದಲ್ಲಿ ಸೋಲು ಆಗಲೂ ಇತ್ತು, ಜನರ ಕೋಪ ಆಗಲೂ ಇತ್ತು. ಆದರೆ ಆ ಡಿಸೆಂಬರಿನಲ್ಲಿ ಮಾಸ್ಕೋ ನಗರದ ದಂಗೆಯನ್ನು ಸೆಮಿಯೊನೊವ್‌ಸ್ಕಿ ಕಾವಲು ದಳವು ನಿರ್ದಯವಾಗಿ ಅಡಗಿಸಿತು. ೧೯೧೭ರ ವೇಳೆಗೆ ಆ ಹಳೆಯ ಕಾವಲು ಪಡೆಗಳ ಬಹುಭಾಗ ಯುದ್ಧಭೂಮಿಯಲ್ಲಿ ಮಣ್ಣಾಗಿತ್ತು. ಅವುಗಳ ಹೆಸರನ್ನು ಹೊತ್ತು ಪೆಟ್ರೋಗ್ರಾಡಿನಲ್ಲಿ ಕಿಕ್ಕಿರಿದಿದ್ದವರು ಒಂದೂವರೆ ಲಕ್ಷಕ್ಕೂ ಮಿಕ್ಕ ಮೀಸಲು ಸಿಪಾಯಿಗಳು, ನಿನ್ನೆ ಮೊನ್ನೆ ನೇಗಿಲನ್ನೋ ಕಾರ್ಖಾನೆಯನ್ನೋ ಬಿಟ್ಟು ಬಂದವರು. ಒಂದು ಕೋಟಿ ನಲವತ್ತು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಸೈನ್ಯಕ್ಕೆ ಎಳೆದ ದೇಶದಲ್ಲಿ ಸಿಪಾಯಿಯೆಂದರೆ ಸಮವಸ್ತ್ರ ತೊಟ್ಟ ರೈತನೇ. ಗುಂಡು ಹಾರಿಸೆಂದಾಗ ಅವನ ಎದುರಿಗೆ ನಿಂತಿದ್ದವಳು ಅವನ ಮನೆಯವಳಂತೆಯೇ ಇದ್ದಳು. ಈ ಸ್ಥಿತ್ಯಂತರವನ್ನು ಸಾಮ್ರಾಜ್ಞಿಯ ಪತ್ರಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ಹಾಗೆಂದು ಎಲ್ಲವೂ ಕೆಳಗಿನಿಂದಲೇ ಆಯಿತೆನ್ನುವುದೂ ಸರಿಯಲ್ಲ. ಫೆಬ್ರುವರಿ ದಂಗೆಯ ನಾಯಕರಾರು ಎಂದು ಟ್ರಾಟ್‌ಸ್ಕಿ ತನ್ನ ಇತಿಹಾಸದಲ್ಲಿ ಪ್ರಶ್ನಿಸಿ, ಲೆನಿನ್ನನ ಪಕ್ಷದಿಂದ ಶಿಕ್ಷಣ ಪಡೆದ ಕಾರ್ಮಿಕರು ಎಂದು ಉತ್ತರ ಕೊಡುತ್ತಾನೆ. ಪ್ರಶ್ನೆ ಉತ್ತಮವಾದುದು, ಉತ್ತರ ಪಕ್ಷದ್ದು. ಅಲ್ಲದೆ ರಾಜಧಾನಿ ಕೈಬಿಟ್ಟಿತೆಂದ ಮಾತ್ರಕ್ಕೆ ಸಿಂಹಾಸನ ಹೋಗಬೇಕೆಂಬ ನಿಯಮವಿರಲಿಲ್ಲ. ಯುದ್ಧರಂಗದ ಸೈನ್ಯ ಇನ್ನೂ ಚಕ್ರವರ್ತಿಯದಾಗಿತ್ತು. ಇವಾನೋವನೆಂಬ ಸೇನಾಪತಿಯನ್ನು ಪೆಟ್ರೋಗ್ರಾಡಿನ ಕಡೆಗೆ ಕಳುಹಿಸಿಯೂ ಆಗಿತ್ತು. ಆ ದಂಡಯಾತ್ರೆ ನಿಂತುಹೋಯಿತು. ಮಾರ್ಚಿ ೨ರಂದು ಅಲೆಕ್ಸೆಯೆವನು ರಂಗಗಳ ಸೇನಾಪತಿಗಳಿಗೆಲ್ಲ ತಂತಿ ಹೊಡೆದು ಅಭಿಪ್ರಾಯ ಕೇಳಿದನು. ಚಕ್ರವರ್ತಿಯ ಬಂಧುವಾದ ನಿಕೊಲಾಯ್ ನಿಕೊಲಾಯೆವಿಚನೂ ಸೇರಿದಂತೆ ಅವರು ಪದತ್ಯಾಗವೇ ಲೇಸೆಂದರು. ಪ್ಸ್ಕೋವ್ ನಿಲ್ದಾಣದಲ್ಲಿ ರೈಲು ಗಾಡಿಯೊಳಗೆ ಕುಳಿತು ನಿಕೊಲಾಸನು ಆ ಉತ್ತರಗಳನ್ನು ಓದಿ, ತಮ್ಮನಾದ ಮಿಖಾಯಿಲನಿಗೆ ಪಟ್ಟವನ್ನು ಬಿಟ್ಟುಕೊಟ್ಟನು. ಮರುದಿನ ಮಿಖಾಯಿಲನು ಅದನ್ನು ಸ್ವೀಕರಿಸಲಿಲ್ಲ.

ಆದುದರಿಂದ ಪೇರ್ಸ್ ಅವರ ‘ಮೇಲು’ ಎಂಬ ಮಾತನ್ನು ಉಳಿಸಿಕೊಳ್ಳುವುದಾದರೆ ಅದರ ಸ್ಥಳವನ್ನು ಬದಲಾಯಿಸಬೇಕು. ನಿರ್ಣಾಯಕವಾದ ‘ಮೇಲು’ ಸಾಮ್ರಾಜ್ಞಿಯ ಅಂತಃಪುರದಲ್ಲಿರಲಿಲ್ಲ, ಸೇನಾಪತಿಗಳ ತಂತಿಕಚೇರಿಯಲ್ಲಿತ್ತು. ಆ ತಂತಿಗಳನ್ನು ಬರೆಯಿಸಿದುದು ಬೀದಿ. ೧೯೮೧ರಲ್ಲಿ ಪ್ರಕಟವಾದ ಹಸೆಗಾವಾ ಅವರ ಗ್ರಂಥದಲ್ಲಿ ಈ ಎರಡು ಎಳೆಗಳೂ ದಿನದಿನಕ್ಕೆ ಹೆಣೆದುಕೊಂಡು ಬರುತ್ತವೆ. ಅರಮನೆಯ ದೋಷಗಳನ್ನೇ ಮುಂದಿಟ್ಟು ಬರೆಯಿಸುವ ನಮ್ಮ ಟಿಪ್ಪಣಿಯಿಂದ ವಿದ್ಯಾರ್ಥಿಗೆ ಆಗುವ ನಷ್ಟ ಸಣ್ಣದಲ್ಲ: ಗಿರಣಿಯ ಹೆಂಗಸರು ಮಾಡಿದ ಕಾರ್ಯ ಅವನಿಗೆ ಒಂದು ನೆಪವಾಗಿ ಮಾತ್ರ ಕಾಣುತ್ತದೆ.

ಪೇರ್ಸ್ ಅವರ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಬೇಕೆಂಬುದು ನಮ್ಮ ಇಂಗಿತವಲ್ಲ. ಹಿರಿಯ ತರಗತಿಗಳಲ್ಲಿ ೧೯೧೬ರ ಕೊನೆಯ ತಿಂಗಳುಗಳ ಸಾಮ್ರಾಜ್ಞಿಯ ಪತ್ರಗಳನ್ನೂ ಅದೇ ತಿಂಗಳುಗಳ ಪೋಲೀಸ್ ವರದಿಗಳನ್ನೂ ಪಕ್ಕ ಪಕ್ಕದಲ್ಲಿಟ್ಟು ಓದಿಸಬಹುದು. ಒಂದೇ ನಗರದ ಸಮಾಚಾರವನ್ನು ಬರೆಯುತ್ತಿರುವ ಆ ಎರಡು ಕೈಗಳಲ್ಲಿ ರೊಟ್ಟಿಯ ಮಾತು ಯಾವುದರಲ್ಲಿ ಎಷ್ಟು ಸಲ ಬರುತ್ತದೆಂಬುದನ್ನು ವಿದ್ಯಾರ್ಥಿಗಳೇ ಎಣಿಸಿ ನೋಡಲಿ.