ಮಿಷನರಿ ದಂಪತಿಗಳ ಚರಿತ್ರೆಯನ್ನು ಓದುವ ಬಗೆ



ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯನ್ನು ಜನರು ಇಂದಿಗೂ ‘ಜರ್ಮನ್ ಆಸ್ಪತ್ರೆ’ ಎಂದು ಕರೆಯುವುದನ್ನು ನೀವು ಕೇಳಿರಬಹುದು. ಇರಕಲ್ಲಗಡದ ಕಡೆಯ ಹಿರಿಯರ ಬಾಯಲ್ಲಿಯೂ ಆ ಮಾತು ಬಂದೀತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿಂದ ಹೊರಟು ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆದರೆ ಹೀಗೆ ಬಂದವರು ಯಾರು, ಅವರೊಡನೆ ಬಂದ ಮಡದಿಯರು ಯಾರು, ರಾತ್ರಿ ರೋಗಿಯ ಬಳಿ ಕುಳಿತಿದ್ದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ದೇಶದ ಹೆಸರು ಉಳಿಯಿತು, ಮನುಷ್ಯರ ಹೆಸರು ಅಳಿಯಿತು. ಇದು ನಮ್ಮ ಮರೆವಿನ ದೋಷ ಮಾತ್ರವಲ್ಲ, ನಾವು ಓದುತ್ತ ಬಂದ ಚರಿತ್ರೆಗಳ ದೋಷವೂ ಹೌದು. ಪರದೇಶದಲ್ಲಿ ಸೇವೆ ಮಾಡಿದ ಮಿಷನರಿ ದಂಪತಿಗಳ ಕಥೆಯನ್ನು ನಾವು ಹೇಗೆ ಬರೆಯುತ್ತೇವೆ, ಹೇಗೆ ಓದುತ್ತೇವೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೊದಲು ಕನ್ನಡ ನಾಡಿನ ಉದಾಹರಣೆಯನ್ನೇ ನೋಡಿರಿ. ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನು ಅರಿಯದ ಕನ್ನಡ ಕ್ರೈಸ್ತ ಮನೆ ವಿರಳ. 1836ರಲ್ಲಿ ಈ ದೇಶಕ್ಕೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದವರು ಅವರು. 1850ರ ದಶಕದಲ್ಲಿ ಕೊಡಗಿನಲ್ಲಿ ನೆಲೆಸಿ, ಆ ನಾಡನ್ನು ಕುರಿತು ಪುಸ್ತಕವನ್ನೂ ಬರೆದರು. ಅವರ ಪತ್ನಿ ಪೌಲಿನಾ ಬಕ್‌ಮೈಸ್ಟರ್. ನಮ್ಮ ಸಂಕ್ಷಿಪ್ತ ಚರಿತ್ರೆಗಳಲ್ಲಿ ಈ ಮಹಿಳೆ ಕಾಣಿಸಿಕೊಳ್ಳುವುದು ಎರಡೇ ಕಡೆ: ಮದುವೆಯಾದಾಗ ಒಮ್ಮೆ, ಆಕೆಯ ಅನಾರೋಗ್ಯದಿಂದ 1860ರಲ್ಲಿ ದಂಪತಿಗಳು ಜರ್ಮನಿಗೆ ಮರಳಬೇಕಾಯಿತೆಂದು ಹೇಳುವಾಗ ಇನ್ನೊಮ್ಮೆ. ಗಂಡನ ಸೇವೆ ನಿಂತುಹೋದುದಕ್ಕೆ ಕಾರಣವಾಗಿ ಮಾತ್ರ ಆಕೆಗೆ ಪುಟದಲ್ಲಿ ಸ್ಥಳ. ಮಳೆಗಾಲದ ಕೊಡಗಿನ ಚಳಿಯಲ್ಲಿ ಆಕೆ ನಡೆಸಿದ ಮನೆ, ಬಾಗಿಲಿಗೆ ಬಂದವರಿಗೆ ಆಕೆ ಬಡಿಸಿದ ಅನ್ನ, ಆಡಲು ಕಲಿತ ಮಾತು ಸೇವೆಯ ಲೆಕ್ಕಕ್ಕೆ ಸೇರಲಿಲ್ಲ.

ಇದು ಒಬ್ಬರ ಕಥೆಯಲ್ಲ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅವರ ಮೊದಲ ಪತ್ನಿ ಪೌಲಿನಾ ಐತ್ ತೀರಿಕೊಂಡ ಬಳಿಕ ಆಕೆಯ ಸಹೋದರಿ ಜೂಲಿ ಅವರನ್ನು ವರಿಸಿದರೆಂಬುದನ್ನು ನೆನೆಯುವವರು ಎಷ್ಟು ಮಂದಿ? ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆಯನ್ನು 1840ರ ದಶಕದ ಆಸುಪಾಸಿನಲ್ಲಿ ತೆರೆದವರು ಲಂಡನ್ ಮಿಷನ್ನಿನ ಇಬ್ಬರು ಗೃಹಿಣಿಯರು. ಅವರು ಇಂದಿಗೂ ‘ಶ್ರೀಮತಿ ರೈಸ್’ ಮತ್ತು ‘ಶ್ರೀಮತಿ ಸೀವೆಲ್’ ಎಂದೇ ಪರಿಚಿತರು. ಹುಡುಗಿಯರಿಗೆ ತಮ್ಮ ಹೆಸರನ್ನು ತಾವೇ ಬರೆಯಲು ಕಲಿಸಿದವರ ಸ್ವಂತ ಹೆಸರು ಗಂಡನ ಹೆಸರಿನ ಹಿಂದೆ ಮರೆಯಾಗಿರುವುದು ವಿಪರ್ಯಾಸವಲ್ಲವೇ?

ಈ ಪದ್ಧತಿಗೆ ಸತ್ಯವೇದದ ಆಧಾರವಿದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯವನ್ನು ತೆರೆಯಿರಿ. ರೋಮಾಪುರದಿಂದ ಹೊರದೂಡಲ್ಪಟ್ಟು ಕೊರಿಂಥಕ್ಕೆ ಬಂದು, ಗುಡಾರ ಹೊಲಿಯುವ ಕೆಲಸದಿಂದ ಜೀವಿಸುತ್ತಿದ್ದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳು ಅಲ್ಲಿದ್ದಾರೆ. ಹೊಸ ಒಡಂಬಡಿಕೆಯಲ್ಲಿ ಈ ಇಬ್ಬರ ಹೆಸರು ಬರುವಲ್ಲೆಲ್ಲ ಜೊತೆಯಾಗಿಯೇ ಬರುತ್ತದೆ. ಹಲವು ಕಡೆ ಹೆಂಡತಿಯ ಹೆಸರೇ ಮೊದಲು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲನು ತನ್ನ ಪ್ರಾಣರಕ್ಷಣೆಗಾಗಿ ಈ ಇಬ್ಬರೂ ತಮ್ಮ ಕುತ್ತಿಗೆಯನ್ನೊಡ್ಡಿದ್ದನ್ನು ನೆನೆದು ಕೃತಜ್ಞತೆ ಸಲ್ಲಿಸುತ್ತಾನೆ. ಮೊದಲನೆಯ ಶತಮಾನದ ಪತ್ರಿಕೆಯಲ್ಲಿ ಇದ್ದ ನ್ಯಾಯ ಹತ್ತೊಂಬತ್ತನೆಯ ಶತಮಾನದ ವರದಿಗಳಲ್ಲಿ ಇಲ್ಲದೆ ಹೋಯಿತು.

ಹೀಗಾದುದಕ್ಕೆ ಕಾರಣವೂ ಇದೆ. ಬಾಸೆಲ್ ಮಿಷನ್ ತನ್ನ ಸೇವಕರಿಗೆ ಮದುವೆಯಾಗಲು ಅನುಮತಿ ನೀಡುತ್ತಿದ್ದುದು ಸಮಿತಿಯ ಮೂಲಕ. ಅನೇಕ ವಧುಗಳು ವರನನ್ನು ಸರಿಯಾಗಿ ಅರಿಯದೆಯೇ ಹಡಗೇರಿದರು. ವರದಿ ಬರೆಯುವ ಹೊಣೆ ಗಂಡನದು. ಸಹಾಯ ನೀಡುವವರು ಯುರೋಪಿನಲ್ಲಿದ್ದುದರಿಂದ ಅವರ ಕಣ್ಣಿಗೆ ಕಾಣುವಂತಹ ಕೆಲಸವನ್ನೇ ಬರೆಯಬೇಕಾಗಿತ್ತು: ಕಟ್ಟಿದ ಶಾಲೆ, ಅಚ್ಚಾದ ಪುಸ್ತಕ, ದೀಕ್ಷಾಸ್ನಾನ ಹೊಂದಿದವರ ಸಂಖ್ಯೆ. ಮನೆಯೊಳಗಿನ ಸೇವೆ ಅಂಕಿಗಳಿಗೆ ಸಿಗುವಂತಹದಲ್ಲ.

ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದರು. ಮೋಗ್ಲಿಂಗರ ಆಪ್ತರಾದ ಹರ್ಮನ್ ಗುಂಡರ್ಟ್ ಮತ್ತು ಅವರ ಪತ್ನಿ ಜೂಲಿ ದ್ಯುಬೋವಾ ಮಲಬಾರಿನಲ್ಲಿ ಸೇವೆ ಮಾಡಿದ ದಂಪತಿಗಳು. ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಜೂಲಿ ಅವರ ಶ್ರಮ ದೊಡ್ಡದು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳು ಮರಿಯಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಹಿಂದಿರುಗಿದರು. ಆಕೆ ಅವರನ್ನು ಮತ್ತೆ ಸೇರಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ ಹರ್ಮನ್ ಹೆಸ್ಸೆ ಇದೇ ಮರಿಯಳ ಮಗ. ಪರರ ಮಕ್ಕಳಿಗೆ ತಾಯಿಯಾಗಲು ಸ್ವಂತ ಮಗಳಿಂದ ಅಗಲಿದ ತಾಯಿಯನ್ನು ನಾವು ತ್ಯಾಗಮಯಿ ಎಂದು ಹೊಗಳುತ್ತೇವೆ. ಆದರೆ ಆ ತ್ಯಾಗದಲ್ಲಿ ಮಗುವಿನ ಒಪ್ಪಿಗೆಯನ್ನು ಕೇಳಿದವರಿಲ್ಲ. ದುಡಿಮೆಗಾಗಿ ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವಾಗ ಮಕ್ಕಳನ್ನು ಅಜ್ಜಿಯ ಮಡಿಲಲ್ಲಿ ಬಿಡುವ ಕೊಪ್ಪಳ ಸೀಮೆಯ ತಾಯಂದಿರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಜೀವನಚರಿತ್ರೆ ಈ ನೋವನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ತ್ಯಾಗದ ತೂಕವೇ ತಪ್ಪುತ್ತದೆ.

ಇನ್ನು ನಮ್ಮ ಕಾಲದ ಕಥೆಗೆ ಬರೋಣ. ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ 1965ರಲ್ಲಿ ಒಡಿಶಾಕ್ಕೆ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ದುಡಿದರು. 1983ರಲ್ಲಿ ಗ್ಲಾಡಿಸ್ ಅವರ ಬಾಳಸಂಗಾತಿಯಾದರು. 1999ರ ಜನವರಿ 22ರ ನಡುರಾತ್ರಿ ಕೇವಂಝರ್ ಜಿಲ್ಲೆಯ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಗ್ರಹಾಂ ಮತ್ತು ಪುತ್ರರಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಅವರನ್ನು ದುಷ್ಕರ್ಮಿಗಳು ಸುಟ್ಟು ಕೊಂದರು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಈ ಕಥೆಯನ್ನು ಆಧರಿಸಿದ ‘ದಿ ಲೀಸ್ಟ್ ಆಫ್ ದೀಸ್’ ಎಂಬ ಆಂಗ್ಲ ಚಲನಚಿತ್ರ 2019ರಲ್ಲಿ ತೆರೆ ಕಂಡಿತು. ನಿರ್ದೇಶಕರು ಅನೀಶ್ ಡ್ಯಾನಿಯಲ್.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಿಂದ ಹೆಸರನ್ನು ಪಡೆದ ಈ ಚಿತ್ರ ಅಲ್ಪರಾದವರ ಕಥೆಯನ್ನು ಹೇಳಬೇಕಾಗಿತ್ತು. ಆದರೆ ಅದು ಸ್ಟೇನ್ಸರನ್ನು ತೋರಿಸುವುದು ಒಬ್ಬ ಕಲ್ಪಿತ ಪತ್ರಕರ್ತನ ಕಣ್ಣಿನಿಂದ. ಅವರು ಅಕ್ರಮವಾಗಿ ಮತಾಂತರ ಮಾಡುತ್ತಿರುವರೆಂದು ಸಾಬೀತುಪಡಿಸಲು ನೇಮಕಗೊಂಡವನು ಆತ. ಸಂಶಯದಿಂದ ಆರಂಭಿಸಿ ಸತ್ಯದ ಕಡೆಗೆ ಸಾಗುವ ಈ ತಂತ್ರಕ್ಕೆ ಒಂದು ಗುಣವಿದೆ: ನಂಬದವನನ್ನೂ ಅದು ಜೊತೆಯಲ್ಲಿ ಕರೆದೊಯ್ಯುತ್ತದೆ. ನಷ್ಟವೂ ಇದೆ. ಕಥೆಯ ಕೇಂದ್ರ ಪ್ರಶ್ನೆ ಸಂಶಯಪಡುವವನದೇ ಆಗಿಬಿಡುತ್ತದೆ. ಕುಷ್ಠರೋಗಿ ಆ ಪ್ರಶ್ನೆಗೆ ಸಾಕ್ಷಿಯಾಗುತ್ತಾನೆಯೇ ಹೊರತು ತನ್ನ ಕಥೆಯ ನಾಯಕನಾಗುವುದಿಲ್ಲ. ಸ್ಟೇನ್ಸ್ ಸುವಾರ್ತೆಯನ್ನು ಸಾರುತ್ತಿದ್ದರು. ಕೊಲೆಯಾದಾಗ ಅವರು ಹೋಗಿದ್ದುದು ‘ಜಂಗಲ್ ಕ್ಯಾಂಪ್’ ಎಂಬ ವಾರ್ಷಿಕ ಕ್ರೈಸ್ತ ಕೂಟಕ್ಕೆ. ಇದನ್ನು ಅಂಜದೆ ಹೇಳಬೇಕು. ಗಾಯ ತೊಳೆಯುವ ಕೈಯೂ ಪ್ರಾರ್ಥಿಸುವ ಬಾಯಿಯೂ ಒಬ್ಬ ಮನುಷ್ಯನವೇ ಆಗಿದ್ದವು; ಒಂದನ್ನು ಮರೆಮಾಡಿ ಇನ್ನೊಂದನ್ನು ಹೊಗಳುವುದು ಆತನಿಗೆ ಮಾಡುವ ಗೌರವವಲ್ಲ.

ಗ್ಲಾಡಿಸ್ ಅವರ ವಿಷಯದಲ್ಲಿ ನಮ್ಮ ಬೋಧನೆಗಳೂ ಎಡವುತ್ತವೆ. ‘ಕ್ಷಮಿಸಿದಳು’ ಎಂಬ ಒಂದು ಕ್ರಿಯಾಪದದಲ್ಲಿ ನಾವು ಆಕೆಯ ಬಾಳನ್ನು ಮುಗಿಸಿಬಿಡುತ್ತೇವೆ. ಮಿಷನರಿ ಪತ್ನಿಯೊಬ್ಬಳ ದನಿ ಲೋಕಕ್ಕೆ ಕೇಳಿಸಿದ್ದೇ ಆಕೆ ವಿಧವೆಯಾದ ಮೇಲೆ. ಕೇಳಿಸಿಕೊಂಡ ನಾವು ಒಂದೇ ಮಾತನ್ನು ಆರಿಸಿಕೊಂಡೆವು. ಆದರೆ ಆಕೆ ಮಗಳು ಎಸ್ತೇರಳೊಂದಿಗೆ ಬಾರಿಪದಾದಲ್ಲಿಯೇ ಉಳಿದು 2004ರವರೆಗೆ ಆ ರೋಗಿಗಳ ಸೇವೆಯನ್ನು ನಡೆಸಿದರು. 2005ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಕ್ಷಮೆ ಒಂದು ದಿನದ ಮಾತಾಗಿದ್ದರೆ ಅದು ಸುದ್ದಿಯಾಗಿ ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ಎದ್ದು ಅದೇ ಊರಿನಲ್ಲಿ ಅದೇ ಕೆಲಸಕ್ಕೆ ಹೋದುದು, ಐದು ವರ್ಷ ಹಾಗೆಯೇ ಹೋದುದು, ಅದಕ್ಕಿಂತ ಕಠಿಣವಾದ ಸಾಕ್ಷಿ. ಕ್ಷಮೆಯೆಂದರೆ ನ್ಯಾಯವನ್ನು ಕೈಬಿಡುವುದೆಂದೂ ತಿಳಿಯಬಾರದು. ಕಾನೂನು ತನ್ನ ದಾರಿಯಲ್ಲಿ ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು.

ಹಾಗಾದರೆ ಇಂತಹ ಪುಸ್ತಕಗಳನ್ನೂ ಚಿತ್ರಗಳನ್ನೂ ದೂರವಿಡಬೇಕೇ? ಖಂಡಿತ ಇಲ್ಲ. ಮನೆಯಲ್ಲಿ ಕೂಡಿ ಓದಿರಿ, ಮಕ್ಕಳಿಗೆ ತೋರಿಸಿರಿ. ಓದುವಾಗ ಪಕ್ಕದಲ್ಲಿ ಯಾರು ನಿಂತಿದ್ದರೆಂದು ಕೇಳಿರಿ. ಪತ್ನಿಯ ಹೆಸರೇನು? ಪರದೇಶದವರಿಗೆ ಊರ ಭಾಷೆಯನ್ನು ಕಲಿಸಿದವರು ಯಾರು? ಸೇವೆ ಪಡೆದವರಿಗೆ ಈ ಕಥೆಯಲ್ಲಿ ಮಾತಿದೆಯೇ? ಮೋಗ್ಲಿಂಗರಿಂದ 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಮಂಗಳೂರಿನ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ, ಅಭಿಷಿಕ್ತರಾಗಿ ಮರಳಿ, ಮುಂದೆ ಜರ್ಮನ್ ಮಹಿಳೆ ಮರಿ ರೈನ್‌ಹಾರ್ಟ್ ಅವರನ್ನು ವರಿಸಿದರು. ಮಿಷನರಿ ದಂಪತಿಗಳೆಂದಾಗ ನಮ್ಮ ಮನಸ್ಸಿಗೆ ಇವರೇಕೆ ಬರುವುದಿಲ್ಲ? ಮಿಷನರಿ ಎಂದರೆ ಬಿಳಿಯನೆಂದೇ ನಮಗೆ ನಾವೇ ಕಲಿಸಿಕೊಂಡಿದ್ದೇವೆ.

ನಿಮ್ಮ ಸಭೆಯಲ್ಲಿಯೂ ಉಪದೇಶಿಯವರ ಹೆಂಡತಿಯೊಬ್ಬರು ಇದ್ದಿರಬಹುದು. ಸಂಬಳವಿಲ್ಲದೆ ಹೆರಿಗೆಗಳಿಗೆ ಓಡಿದವರು, ಬರದ ವರುಷದಲ್ಲಿ ತಮ್ಮ ಜೋಳದ ಹಿಟ್ಟನ್ನು ನೆರೆಯವರೊಡನೆ ಹಂಚಿಕೊಂಡವರು. ಸಭೆಯ ದಾಖಲೆ ಪುಸ್ತಕದಲ್ಲಿ ಅವರು ‘ಇಂತಹವರ ಪತ್ನಿ’ ಎಂದಷ್ಟೇ ಇದ್ದಾರು. ಅವರನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಹೆಸರನ್ನು ಕೇಳಿ ಬರೆದಿಡಿರಿ. ಪೌಲನು ಅವಸರದ ನಡುವೆಯೂ ಪ್ರಿಸ್ಕಿಲ್ಲಳ ಹೆಸರನ್ನು ಬರೆಯಲು ಮರೆಯಲಿಲ್ಲ; ನಾವೂ ಮರೆಯದಿರೋಣ.